ಏಣಿಗೆ ಹಾಕಿದ ಬೀಗ

ಭಾನುವಾರ, ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ

ನನ್ನ ಖಾರದ ಮೆಣಸಿನಕಾಯಿಗೆ,

ಈ ಊರಿನ ಬೋರ್ಡುಗಳ ಚಕ್ರವರ್ತಿಯಾದ ನಿನ್ನ ಚಿಕ್ಕಪ್ಪ ಬ್ರಷ್ಷು ಕೆಳಗಿಟ್ಟು, ಪೆನ್ನು ಹಿಡಿದು ಮಾಡುವ ಆಶೀರ್ವಾದ. ಅಕ್ಷರ ನೋಡಿದೆಯಾ? ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಮುಗಿದರೂ ಮೇಷ್ಟ್ರು ಕರಿಹಲಗೆಯ ಮೇಲೆ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಅದು ಮೇಷ್ಟ್ರ ಸೋಮಾರಿತನ ಎನ್ನುತ್ತಾನೆ ನಿನ್ನ ಅಪ್ಪ. ಅಣ್ಣನಿಗೆ ಹೊಟ್ಟೆಕಿಚ್ಚು, ಬಿಡು.

ನೀನು ಫೋನು ಮಾಡಿದರೆ ಚಿಕ್ಕಮ್ಮನನ್ನು ಮಾತ್ರ ಮಾತಾಡಿಸಿ ಇಟ್ಟುಬಿಡುತ್ತೀಯ. “ಚಿಕ್ಕಪ್ಪಂಗೆ ಇನ್ನೂ ಕೋಪ ಇದೆಯಾ?” ಎಂದು ಪಿಸುಗುಟ್ಟುತ್ತೀಯಂತೆ. ಅಕ್ಷರ ಬರೆಯಲು ನನ್ನ ಹತ್ತಿರ ಕಲಿತು, ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಗೆ ಹೋಗಿ ಸೇರಿದೆಯಲ್ಲ, ಆ ಕೋಪ ಮಾತ್ರ ಸಾಯುವ ತನಕ ಇರುತ್ತದೆ. ಏಣಿಯ ವಿಷಯದಲ್ಲಿ ಕೋಪವಿಲ್ಲ. ಏನಿದೆ ಎಂದು ಹೇಳಲೆಂದೇ ಕುಳಿತಿದ್ದೇನೆ.

ಆಕಾಶಕ್ಕೆ ಮೂರೇ ಗೇಣು ಎನ್ನುತ್ತಾರಲ್ಲ, ಆ ದಿನಗಳಲ್ಲಿ ನನಗೆ ಆ ಮೂರು ಗೇಣೂ ಇರಲಿಲ್ಲ. ನಿದ್ದೆ ಬೇಡ, ಊಟ ಬೇಡ. ಬೀದಿಯ ಅಂಗಡಿಗಳಿಗೆಲ್ಲ ಕೇಳದೆಯೇ ಹೊಸ ಬೋರ್ಡು ಬರೆದುಕೊಟ್ಟೆ. ಕ್ಷೌರದಂಗಡಿಯವನ ಬೋರ್ಡಿನ ಕೆಳಗೆ “ತಲೆ ಕೊಟ್ಟವರಿಗೆ ಮುಖ ಉಚಿತ” ಎಂದು ಸೇರಿಸಿದೆ. ಕಟಿಂಗ್ ಮಾಡಿಸಿದವರೆಲ್ಲ ಬಿಟ್ಟಿ ಶೇವಿಂಗಿಗೆ ಕೆನ್ನೆ ಒಡ್ಡತೊಡಗಿದರು. ಪಾಪ, ಅವನು ಅಳುವುದೊಂದು ಬಾಕಿ. ಆಮೇಲೆ ನನ್ನ ಕಣ್ಣು ನೀರಿನ ಟ್ಯಾಂಕಿನ ಮೇಲೆ ಬಿತ್ತು. ಇಡೀ ಊರಿಗೆ ಕಾಣುವಂತೆ ಅದರ ಮೇಲೆ ಒಂದೇ ಒಂದು ‘ಅ’ ಬರೆಯಬೇಕು, ಜನ ಎಲ್ಲವನ್ನೂ ಮತ್ತೆ ಮೊದಲಿಂದ ಕಲಿಯಬೇಕು! ಹಗ್ಗ ಬೇಡ, ಜೊತೆಗೆ ಆಳು ಬೇಡ. ಬಿದ್ದರೆ ಗಾಳಿ ಹಿಡಿದುಕೊಳ್ಳುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ.

ಏಣಿ ತೆಗೆದುಕೊಳ್ಳಲು ಬಂದರೆ, ನಿನ್ನ ಸೈಕಲ್ಲಿನ ಬೀಗದ ಚೈನು ಅದನ್ನು ಲೈಟು ಕಂಬಕ್ಕೆ ಕಟ್ಟಿಹಾಕಿತ್ತು. ಪಕ್ಕದಲ್ಲಿ ನೀನು. “ಚಿಕ್ಕಪ್ಪಂಗೆ ಹುಷಾರಿಲ್ಲ, ಯಾರೂ ಏಣಿ ಕೊಡಬೇಡಿ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ನಾನು ಏನು ಕೂಗಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಮಾತಿಗೆ ನನ್ನ ಅಕ್ಷರ ದಂಡ. ನಿನ್ನ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು, ಚೈನನ್ನು ಮಾತ್ರ ಬಿಡಲಿಲ್ಲ.

ಆಮೇಲೆ ನೀವು ನನ್ನನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ನಡೆದದ್ದು ನನಗೆ ಗೊತ್ತಾದದ್ದೇ ಈಚೆಗೆ. ಡಾಕ್ಟರಮ್ಮ, “ಇವರು ಈ ನಡುವೆ ಜಾಸ್ತಿ ಮಾತಾಡ್ತಾರಾ?” ಎಂದು ಕೇಳಿದರಂತೆ. ನಿನ್ನ ಚಿಕ್ಕಮ್ಮ, “ಈ ನಡುವೆ ಅಂದ್ರೆ? ಹುಟ್ಟಿದಾಗಿನಿಂದ!” ಎಂದಳಂತೆ. ಬಡಾಯಿ? ಅದೂ ಹುಟ್ಟಿದಾಗಿನಿಂದ. ಅವರು ಪೆನ್ನು ಕೆಳಗಿಟ್ಟು, ಹಾಗಾದರೆ ಹೊಸದೇನು ಎಂದಾಗ ನೀನು ಹೇಳಿದೆಯಂತೆ: “ಚಿಕ್ಕಪ್ಪ ಬಡಾಯಿ ಕೊಚ್ಚಿ ನಮ್ಮ ಮುಖ ನೋಡ್ತಾರೆ, ನಾವು ನಗ್ತೀವಾ ಅಂತ. ಈಗ ನೋಡ್ತಾನೇ ಇಲ್ಲ.”

ಮಗಳೇ, ಇಷ್ಟು ವರ್ಷ ಕನ್ನಡಿ ನೋಡಿಕೊಂಡರೂ ನನಗೇ ಗೊತ್ತಿರದ ಗುಟ್ಟು ಅದು.

ಕಾಯಿಲೆಗೆ ಬೈಪೋಲಾರ್ ಎಂದು ಹೆಸರು. ಕೇಳಿದ ಕೂಡಲೇ ಬೋರ್ಡಿನಲ್ಲಿ ಎರಡು ಸಾಲಾಗಿ ಬರೆಯಲೋ ಒಂದೇ ಸಾಲೋ ಎಂದು ಯೋಚಿಸಿದೆ. ಏರಿದವನು ಇಳಿಯುತ್ತಾನೆ ಎಂದಿದ್ದರು ಡಾಕ್ಟರಮ್ಮ. ಇಳಿದೆ. ನಿನಗೆ “ವಿಶ್ರಾಂತಿ ತಗೋತಿದ್ದಾರೆ” ಎಂದು ಹೇಳಿಸಿದ್ದೆನಲ್ಲ, ಆಗ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದೂ ನನ್ನಿಂದ ಆಗುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಗೋಡೆ ಖಾಲಿ ಇತ್ತು, ಅದರ ಮೇಲೆ ಬರೆಯಲು ಒಂದಕ್ಷರವೂ ಹೊಳೆಯಲಿಲ್ಲ. ಚಿಕ್ಕಮ್ಮ ಗಂಜಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಉಣ್ಣಿ ಎನ್ನುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು. ಜಗಳಗಂಟಿಗೆ ಅಷ್ಟು ಸುಮ್ಮನಿರಲು ಎಷ್ಟು ಕಷ್ಟವಾಗಿರಬೇಕು, ನೋಡು!

ಒಂದು ದಿನ ಕ್ಷೌರದವನು ಪೆಟ್ಟಿಗೆ ಹಿಡಿದು ಮನೆಗೇ ಬಂದ. ಗಡ್ಡಕ್ಕೆ ನೊರೆ ಹಚ್ಚಿದ. ಯಾಕಪ್ಪಾ ಎಂದೆ. “ನೀನೇ ಬರೆದಿದ್ದೀಯಲ್ಲ ಮಾರಾಯ, ಮುಖ ಉಚಿತ ಅಂತ” ಎಂದ. ಎಷ್ಟೋ ದಿನಗಳ ಮೇಲೆ ನನ್ನ ತುಟಿ ಅಲುಗಿತು. “ಅಲ್ಲಾಡಬೇಡ, ಕುಯ್ದುಹೋಗತ್ತೆ” ಎಂದು ಬೈದ. ಆ ಸಾಲನ್ನು ಅವನು ಇನ್ನೂ ಅಳಿಸಿಲ್ಲ. ಬೈಯುತ್ತಾನೆ, ಅಳಿಸುವುದಿಲ್ಲ.

ಈಗ ಮಾತ್ರೆ ಹಿಡಿದಿದೆ. ಮೊದಮೊದಲು ಕೈ ನಡುಗಿ ‘ಓ’ದ ಸುತ್ತು ಗುಂಗುರು ಕೂದಲಿನಂತೆ ಬಂತು. ಅವತ್ತು ಮಾತ್ರೆ ಕಿಟಕಿಯಿಂದಾಚೆ ಎಸೆಯಲು ಕೈಯೆತ್ತಿದ್ದೆ. ನೀನು ಚೈನು ಹಿಡಿದು ನಿಂತದ್ದು ನೆನಪಾಗಿ ಇಳಿಸಿದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡಿದರು. ಕೈಗೆ ಆಸರೆಯ ಕೋಲು ಇಟ್ಟುಕೊಂಡು ಮತ್ತೆ ಬರೆಯುತ್ತಿದ್ದೇನೆ. ನೋಡಿದವರು ಮೊದಲಿಗಿಂತ ಚೆನ್ನಾಗಿದೆ ಎನ್ನುತ್ತಾರೆ. ಆ ನೋಡಿದವರು ನಾನೇ.

ಇನ್ನು ಕೆಲಸದ ಮಾತು. ನನಗೆ “ಸಾಕು, ನಿಲ್ಲು” ಎನ್ನುವ ಹಕ್ಕು ಒಬ್ಬರಿಗೆ ಕೊಡಿ, ನೆಟ್ಟಗಿರುವಾಗಲೇ ಕೊಟ್ಟಿಡಿ ಎಂದಿದ್ದಾರೆ ಡಾಕ್ಟರಮ್ಮ. ಚಿಕ್ಕಮ್ಮ ಉಪ್ಪಿಗೂ ಸಾಕು ಎನ್ನುತ್ತಾಳೆ, ಬೀಡಿಗೂ ಸಾಕು ಎನ್ನುತ್ತಾಳೆ. ಅವಳ ಯಾವ ಸಾಕು ಯಾವುದಕ್ಕೆಂದು ತಿಳಿಯುವುದು ಹೇಗೆ? ಆ ಹಕ್ಕು ನಿನಗಿರಲಿ. ನಾನು ಕೂಗಾಡಿದರೂ ಬಿಟ್ಟುಕೊಡಬೇಡ. ಏಣಿಯನ್ನು ಈಗಲೂ ಕಟ್ಟಿಟ್ಟಿರುವ ನಿನ್ನ ಚೈನಿಗೆ ಎರಡು ಕೀಲಿ ಇದ್ದವಲ್ಲ, ಒಂದು ಚಿಕ್ಕಮ್ಮನ ಹತ್ತಿರ ಇದೆ. ನನ್ನ ಹತ್ತಿರ ಇದ್ದದ್ದು ಈ ಕವರಿನಲ್ಲಿದೆ. ನಿನ್ನ ಸೈಕಲ್ಲಿಗೆ ಬೇರೆ ಚೈನು ನಾನೇ ಕೊಡಿಸುತ್ತೇನೆ, ಬಂದು ಆರಿಸಿಕೋ.

ನಿನ್ನ ಋಣ ತೀರಿಸಲಾರದ, ಆದರೂ ಜಂಬ ಬಿಡಲಾರದ,
ಚಿಕ್ಕಪ್ಪ

ಮರೆತ ಮಾತು: ಕೀಲಿ ಇವತ್ತೇ ಯಾಕೆ ಕಳಿಸಿದೆ ಎಂದು ನೀನು ಕೇಳಿಯೇ ಕೇಳುತ್ತೀಯ. ಮೊನ್ನೆಯಿಂದ ನಿದ್ದೆ ಕಡಿಮೆ, ಆ ನೀರಿನ ಟ್ಯಾಂಕು ಯಾಕೋ ಸ್ವಲ್ಪ ಗಿಡ್ಡಗೆ ಕಾಣುತ್ತಿದೆ. ನಾಳೆ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇವೆ. ಹೋಗೋಣ ಎಂದದ್ದು ನಾನೇ. ಹೆದರಬೇಡ. ಈ ಪತ್ರವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಓದುತ್ತಾ ಓದುತ್ತಾ ಸಾಲುಸಾಲಿಗೂ ಅವಳ ಮುಖ ನೋಡುತ್ತಿದ್ದೆನಂತೆ. ಇದನ್ನು ನಿನಗೆ ಮರೆಯದೆ ಬರೆಯಬೇಕಂತೆ.