ನಲವತ್ತು ಗ್ರಾಂ

ಗುರುವಾರ, ಬೆಳಿಗ್ಗೆ ಹತ್ತೂವರೆ
ಆಸ್ಪತ್ರೆಯ ಮೂರನೇ ಮಹಡಿ, ಗಾಜಿನ ಕೋಣೆಯ ಹೊರಗಿನ ಬೆಂಚು

ನಮ್ಮ ಹಡಗಿನವರಿಗೆ,

ಮಗಳು ಇದ್ದಾಳೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲವಾದರೆ ನೀವು ಉಸಿರು ಬಿಗಿಹಿಡಿದು ಓದುತ್ತೀರಿ. ಇದ್ದಾಳೆ, ಉಸಿರಾಡುತ್ತಿದ್ದಾಳೆ. ಈಗ ತಲೆ ಎತ್ತಿದರೆ ಗಾಜಿನಾಚೆ ಎಡದಿಂದ ಮೂರನೇ ಕಾವು ಪೆಟ್ಟಿಗೆಯಲ್ಲಿ ಅವಳ ಒಂದು ಪಾದ ಕಾಣುತ್ತದೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಆವತ್ತು ಫೋನಿನಲ್ಲಿ ಹೆಣ್ಣು, ಇಬ್ಬರೂ ಚೆನ್ನಾಗಿದ್ದೇವೆ ಎಂದೆನಲ್ಲ, ಹೆಣ್ಣು ಎಂಬುದಷ್ಟೇ ನಿಜ. ಹತ್ತು ವಾರ ಮೊದಲೇ ಹುಟ್ಟಿದವಳು ಚೆನ್ನಾಗಿರುವುದು ಹೇಗೆ? ಮೂಗಿಗೆ ನಳಿಕೆ, ಎದೆಗೆ ವೈರು, ಪಕ್ಕದಲ್ಲಿ ಸದಾ ಕುಂಯ್ ಕುಂಯ್ ಎನ್ನುವ ಯಂತ್ರ. ಅಷ್ಟಕ್ಕೇ ಲೈನು ಕಟ್ಟಾಗಿದ್ದೇ ಒಳ್ಳೆಯದಾಯಿತು. ಆಮೇಲೆ ಎರಡು ಸಲ ನೀವು ಫೋನು ಮಾಡಿದಾಗಲೂ ಅತ್ತೆಯ ಕೈಗೆ ಕೊಟ್ಟು ಎದ್ದು ಹೋದೆ. ಮಾತನಾಡಿದರೆ ಅಳುತ್ತಿದ್ದೆ. ನಡುಸಮುದ್ರದಲ್ಲಿ ಎಂಜಿನ್ನಿನ ಮುಂದೆ ನಿಂತು ನನ್ನ ಅಳು ಕೇಳಿಸಿಕೊಂಡು ನೀವಾದರೂ ಏನು ಮಾಡುತ್ತಿದ್ದಿರಿ? ಕಂಪನಿಯವರು ನಾಲ್ಕು ತಿಂಗಳು ಹೆಚ್ಚಿಗೆ ಹಿಡಿದಿಟ್ಟುಕೊಂಡಿದ್ದಾರೆ. ನಿಮ್ಮದೇನೂ ತಪ್ಪಿಲ್ಲ. ಅದಕ್ಕೇ ಕಾಗದ. ಮುಂದಿನ ಬಂದರಿಗೆ ಹೋಗುವ ಅಂಚೆ ಚೀಲದಲ್ಲಿ ಹಾಕುತ್ತೇನೆಂದು ಕಂಪನಿಯ ಗುಮಾಸ್ತರು ಹೇಳಿದ್ದಾರೆ.

ಒಂದು ನಿಮಿಷ, ಯಂತ್ರ ಕೂಗಿತು.

ನಮ್ಮದಲ್ಲ, ಅವಳಿ ಮಕ್ಕಳ ಪೆಟ್ಟಿಗೆಯದು. ವೈರು ಜಾರಿತ್ತಂತೆ. ಈ ಬೆಂಚಿನ ಮೇಲೆ ಹತ್ತು ನಿಮಿಷ ಒಂದೇ ಕಡೆ ಕೂತವರನ್ನು ನಾನು ಕಾಣೆ. ಎಲ್ಲರೂ ಕೂರುತ್ತೇವೆ, ಏಳುತ್ತೇವೆ, ಗಾಜಿಗೆ ಮೂಗು ಒತ್ತುತ್ತೇವೆ, ಮತ್ತೆ ಬಂದು ಕೂರುತ್ತೇವೆ. ಅತ್ತೆ ಮಾತ್ರ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಇರುತ್ತಾರೆ. ಅವರನ್ನು ನೋಡಿದರೆ ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಐದು ವರ್ಷದ ಹಿಂದೆಯೂ ಹೀಗೇ ಕೂತಿದ್ದರಲ್ಲ, ಆಗ ಕೇಳಿಸದ ದೇವರಿಗೆ ಈಗ ಕಿವಿ ಬಂತಾ ಎಂದು ಒಂದು ದಿನ ಕೇಳಿಯೇಬಿಟ್ಟೆ. ಬಯ್ಯಲಿಲ್ಲ. ಕೇಳಿಸ್ಲಿ ಬಿಡ್ಲಿ, ನಾನು ಬೇರೆ ಯಾರ ಹತ್ರ ಹೋಗ್ಲಿ ಹೇಳು ಎಂದರು. ಆಮೇಲೆ ನಾನೇ ಹೋಗಿ ಅವರಿಗೆ ಚಹಾ ತಂದುಕೊಟ್ಟೆ.

ಈಗ ನಿಮಗೊಂದು ವಿಷಯ ಒಪ್ಪಿಸಬೇಕು. ನಿನ್ನೆಯವರೆಗೆ, ಹನ್ನೊಂದು ದಿನ, ನಾನು ಮಗಳನ್ನು ಎತ್ತಿಕೊಂಡಿರಲಿಲ್ಲ. ಹಾಲು ಹಿಂಡಿ ಕೊಡಲು ದಿನಕ್ಕೆ ಎಂಟು ಸಲ ಒಳಗೆ ಹೋಗುತ್ತೇನೆ. ಪೆಟ್ಟಿಗೆಯ ಪಕ್ಕ ನಿಲ್ಲುತ್ತೇನೆ. ಮುಟ್ಟುತ್ತಿರಲಿಲ್ಲ. ನಾಲ್ಕನೇ ದಿನವೇ ಡಾಕ್ಟರು, ಇನ್ನು ಎದೆಗೆ ಅವಚಿಕೊಂಡು ಕೂರಬಹುದು, ತಾಯಿ ಮೈಯ ಬಿಸಿಯಂಥ ಔಷಧಿ ನಮ್ಮಲ್ಲಿ ಇಲ್ಲ ಎಂದಿದ್ದರು. ಸಾವಿರದ ಇನ್ನೂರು ಗ್ರಾಂ ಆಗಲಿ ಡಾಕ್ಟ್ರೇ, ಆಮೇಲೆ ಎತ್ತಿಕೊಳ್ತೀನಿ ಎಂದೆ. ಆ ಲೆಕ್ಕ ಅವರು ಹೇಳಿದ್ದಲ್ಲ, ಯಾವ ಪುಸ್ತಕದಲ್ಲಿ ಇರುವುದೂ ಅಲ್ಲ. ಆ ಕ್ಷಣಕ್ಕೆ ನನ್ನ ಬಾಯಿಗೆ ಬಂದದ್ದು.

ಯಾಕೆ ಎಂದು ನಿಮಗೆ ಗೊತ್ತಿದೆ, ಪೂರ್ತಿ ಗೊತ್ತಿಲ್ಲ. ನಮ್ಮ ಮೊದಲನೆಯವನು ಮೂರನೇ ದಿನ ನನ್ನ ಕೈಯಲ್ಲೇ ಹೋದ ಎಂಬುದು ಗೊತ್ತು. ಅದಕ್ಕೆ ಮೊದಲು ಏನಾಯಿತೆಂದು ಯಾರಿಗೂ ಹೇಳಿಲ್ಲ. ನರ್ಸು ಈಗ ಬೇಡಮ್ಮ, ಸ್ವಲ್ಪ ಹೊತ್ತು ತಡಿ ಎಂದಿದ್ದಳು. ನಾನು ಹಟ ಹಿಡಿದು ಎತ್ತಿಕೊಂಡೆ. ಐದು ನಿಮಿಷ ಆಗಿತ್ತೋ ಇಲ್ಲವೋ. ಅವನು ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಎಷ್ಟೋ ಸಲ ಹೇಳಿದರು. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಈ ಕೈಯಿಂದಲೇ ಹೋದ ಎಂದು ಐದು ವರ್ಷ ಅಂದುಕೊಂಡೇ ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡಿದೆ, ನಿಮಗೆ ಬಡಿಸಿದೆ, ನಗುತ್ತ ಓಡಾಡಿದೆ. ದೇವರ ಮೇಲೆ ಭಾರ ಹಾಕು ಎಂದು ನೀವು ಹೇಳಿದಾಗಲೆಲ್ಲ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆನಲ್ಲ, ಅದರ ಕಾರಣ ಇದೇ.

ಸರಿ, ಈಗ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ನಗಬೇಡಿ. ನಗುತ್ತೀರಿ ಬಿಡಿ.

ಇಲ್ಲಿ ಮಕ್ಕಳನ್ನು ತೂಗುವ ಕರೆಂಟಿನ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಉಗ್ರಾಣದಿಂದ ಹಳೆಯ ತಕ್ಕಡಿ ತಂದಿಟ್ಟಿದ್ದರು, ಮೇಲೆ ತಟ್ಟೆ, ಮುಂದೆ ಕಬ್ಬಿಣದ ಅಡ್ಡಪಟ್ಟಿ, ಅದರ ಮೇಲೆ ಸರಿಯುವ ಗುಂಡು. ದಿನಾ ಬೆಳಿಗ್ಗೆ ಏಳಕ್ಕೆ ಹಿರಿಯ ಸಿಸ್ಟರು ಒಂದೊಂದೇ ಮಗುವನ್ನು ಇಟ್ಟು ಜೋರಾಗಿ ಓದುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆ ಪಟ್ಟಿ ನಿಲ್ಲುವ ರೀತಿ ನೋಡಿದ ಮೊದಲ ದಿನವೇ ನನಗೆ ಸಂಶಯ ಬಂತು. ಇಪ್ಪತ್ತು ವರ್ಷದ ಕಸುಬು, ತಕ್ಕಡಿ ಸುಳ್ಳು ಹೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ಅತ್ತೆಯನ್ನು ಅಂಗಡಿಗೆ ಓಡಿಸಿ ಸರ್ಕಾರಿ ಮುದ್ರೆಯ ಅರ್ಧ ಕೆ.ಜಿ. ಹಿತ್ತಾಳೆ ತೂಕದ ಬಟ್ಟು ತರಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ, ಹರಕೆಯೋ ಏನೋ ಅಂದುಕೊಂಡರಂತೆ. ಮೊನ್ನೆ ಸಂಜೆ ಸಿಸ್ಟರು ಕೈ ತೊಳೆಯಲು ಹೋದಾಗ ಬಟ್ಟನ್ನು ಬಿಸಿನೀರಲ್ಲಿ ತೊಳೆದು ತಟ್ಟೆಯ ಮೇಲಿಟ್ಟೆ. ಐನೂರ ನಲವತ್ತು ತೋರಿಸಿತು!

ನೀವೇ ಹೇಳಿ, ಅದನ್ನು ನೋಡಿಯೂ ನಾನು ಸುಮ್ಮನಿರುವುದು ಸಾಧ್ಯವೇ? ಕೂದಲಿನ ಪಿನ್ನಿನಿಂದ ಹಿಂದಿನ ತಿರುಪನ್ನು ಒಂದೂಕಾಲು ಸುತ್ತು ತಿರುಗಿಸಿದೆ. ಸರಿಯಾಗಿ ಐನೂರಕ್ಕೆ ನಿಂತಿತು. ಹನ್ನೊಂದು ದಿನದಲ್ಲಿ ಮೊದಲ ಸಲ ಒಂದು ಕೆಲಸವನ್ನು ನೆಟ್ಟಗೆ ಮಾಡಿದೆನೆಂದು ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. ಯಾರಿಗೂ ಹೇಳಬೇಕು ಅನ್ನಿಸಲೇ ಇಲ್ಲ. ಅಂಗಡಿಯಲ್ಲಿ ರಿಪೇರಿ ಆದ ಮೇಲೆ ಒರೆಸಿ ಇಡುತ್ತೇವಲ್ಲ, ಹಾಗೆ ಒರೆಸಿಟ್ಟು ಬಂದೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ಸಿಸ್ಟರು ಓದತೊಡಗಿದರು. ಮೊದಲ ಮಗು, ಕಡಿಮೆಯಾಗಿದೆ. ಎರಡನೆಯದು, ಕಡಿಮೆಯಾಗಿದೆ. ನಮ್ಮವಳು ಸಾವಿರದ ನೂರ ಐವತ್ತು ಇದ್ದವಳು ಸಾವಿರದ ನೂರ ಹತ್ತು. ಏಳು ಮಕ್ಕಳಲ್ಲಿ ಏಳೂ ಒಂದೇ ದಿನದಲ್ಲಿ ಇಳಿದುಬಿಟ್ಟಿದ್ದವು. ಸಿಸ್ಟರ ಮುಖ ಬಿಳಿಚಿಕೊಂಡಿತು. ಡಾಕ್ಟರು ತಿಂಡಿ ಬಿಟ್ಟು ಓಡಿಬಂದರು. ಕೋಣೆಯೊಳಗೆ ಸೋಂಕು ಹೊಕ್ಕಿದೆಯೇನೋ, ಎಲ್ಲರದೂ ರಕ್ತ ತೆಗೀರಿ ಎಂದರು. ಒಂದೂವರೆ ಕೆ.ಜಿ.ಯೂ ಇಲ್ಲದ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ಹಿಂಡುವುದನ್ನು ನೀವು ನೋಡಿಲ್ಲ. ಅವಳಿಗಳ ತಾಯಿ, ನನ್ನ ಹಾಲೇ ಸರಿ ಇಲ್ಲ, ನನ್ನ ಹಾಲೇ ಸರಿ ಇಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ನಾನು ತಕ್ಷಣ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಭಯದಿಂದ ಅಂತ ಬರೆದರೆ ನೀವು ನಂಬುತ್ತೀರಿ, ಆದರೆ ಅದಕ್ಕಿಂತ ಕೆಟ್ಟ ಕಾರಣ ಇತ್ತು. ಸಾವಿರದ ನೂರ ಹತ್ತು ಎಂದು ಕೇಳಿದ ಕೂಡಲೇ ನನಗೆ ಅಬ್ಬ, ಇನ್ನೂ ತೊಂಬತ್ತು ಗ್ರಾಂ ಇದೆ, ಇನ್ನೊಂದು ವಾರ ಎತ್ತಿಕೊಳ್ಳಬೇಕಾಗಿಲ್ಲ ಅನ್ನಿಸಿತು. ಸಮಾಧಾನ ಆಯಿತು ಕಣ್ರೀ. ಹೆತ್ತ ಮಗಳ ತೂಕ ಇಳಿಯಿತೆಂದು ಸಮಾಧಾನಪಟ್ಟ ತಾಯಿ ನಾನು. ಅದು ಗೊತ್ತಾದ ಮೇಲೆ ನಿಂತಲ್ಲೇ ನಾಚಿಕೆಯಿಂದ ಬೆವತುಹೋದೆ. ಅಷ್ಟರಲ್ಲಿ ಅವಳಿಗಳಲ್ಲಿ ಒಂದಕ್ಕೆ ಚುಚ್ಚಿಯಾಗಿತ್ತು. ಎರಡನೆಯದರ ಕಾಲು ಹಿಡಿಯುತ್ತಿದ್ದಾಗ ತಡೀರಿ ಎಂದು ಕಿರುಚಿದೆ.

ಡಾಕ್ಟರು ನನ್ನ ಮಾತು ಕೇಳಿ, ಬಟ್ಟು ಇಟ್ಟು ನೋಡಿ, ಮತ್ತೆ ಬೇರೆ ವಾರ್ಡಿನಿಂದ ಯಂತ್ರ ತರಿಸಿ ಮಕ್ಕಳನ್ನು ತೂಗಿಸಿದರು. ನನ್ನ ಲೆಕ್ಕವೇ ಸರಿ. ಆಮೇಲೆ ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ, ಕಾಗದ ಸುಟ್ಟುಹೋದೀತು. ಔಷಧಿ ಎಲ್ಲ ತೂಕದ ಮೇಲೆ ಕೊಡ್ತೀವಿ, ನೀವು ಕಂಡುಹಿಡಿದ ತಪ್ಪು ದೊಡ್ಡದೇ, ಆದ್ರೆ ಬಾಯಿ ಏನು ಬ್ಯಾಂಕಿನಲ್ಲಿ ಇಟ್ಟಿದ್ರಾ ಎಂದರು. ಅವಳಿಗಳ ತಾಯಿಯ ಕಾಲು ಹಿಡಿಯಲು ಹೋದೆ. ಬಿಡಿ ಅಕ್ಕ, ನನ್ನ ಹಾಲು ಸರಿ ಇದೆ ತಾನೆ, ಅಷ್ಟು ಸಾಕು ಎಂದು ಅವಳೇ ನನ್ನ ಕಣ್ಣು ಒರೆಸಿದಳು.

ಎಲ್ಲ ತಣ್ಣಗಾದ ಮೇಲೆ ಹಿರಿಯ ಸಿಸ್ಟರು ನನ್ನನ್ನು ಮೂಲೆಗೆ ಕರೆದರು. ಅವರಿಗೆ ನಮ್ಮ ಮೊದಲನೆಯವನ ವಿಷಯ ಕಾಗದಪತ್ರದಲ್ಲಿ ಓದಿ ಗೊತ್ತಿತ್ತಂತೆ. ಕಬ್ಬಿಣ ಹಿತ್ತಾಳೆ ಎಲ್ಲ ತೂಗಿದ್ದಾಯ್ತಲ್ಲಮ್ಮ, ಕುರ್ಚಿ ಹಾಕಿದೀನಿ, ಬಂದು ಕೂತ್ಕೋ ಎಂದರು. ಸಾವಿರದ ಇನ್ನೂರು ಎಂದು ನಾನು ಶುರುಮಾಡಿದೆ. ಇನ್ನೂರಾದ್ರೆ ಮುನ್ನೂರು ಅಂತೀಯ, ನನಗೆ ಗೊತ್ತಿಲ್ವಾ ಎಂದರು. ಉಳೀತಾಳೆ ಅಂತ ಬರೆದು ಕೊಡ್ತೀರಾ ಎಂದೆ. ಇಲ್ಲಮ್ಮ, ಅದನ್ನ ಬರೆದು ಕೊಡೋಕೆ ನಾನು ಯಾರು, ಆದ್ರೆ ಇವತ್ತು ಇದಾಳೆ ಎಂದರು.

ಅಲ್ಲಿ ನಿಂತು ನಾನು ದೇವರ ಜೊತೆ ಮಾತಾಡಿದೆ, ಐದು ವರ್ಷದ ಮೇಲೆ. ಚಂದದ ಪ್ರಾರ್ಥನೆ ಏನಲ್ಲ. ನೀನು ಆವತ್ತು ಅವನನ್ನು ಕಿತ್ಕೊಂಡೆ, ನನಗಿನ್ನೂ ಸಿಟ್ಟಿದೆ, ಇವಳನ್ನು ಉಳಿಸ್ತೀಯೋ ಇಲ್ವೋ ನೀನು ಹೇಳೋದಿಲ್ಲ, ಆದರೂ ನಾನು ಕೂತ್ಕೋತೀನಿ, ನೀನೂ ಬಂದು ಪಕ್ಕದಲ್ಲಿ ನಿಂತ್ಕೋ ಎಂದೆ. ಕೂತೆ.

ಅವಳನ್ನು ವೈರು ನಳಿಕೆ ಸಮೇತ ನನ್ನ ಎದೆಯ ಮೇಲೆ ಮಲಗಿಸಿದರು. ಅಂಗಡಿಯಲ್ಲಿ ಏನನ್ನೇ ಅಂಗೈಯಲ್ಲಿಟ್ಟರೂ ಐದು ಗ್ರಾಂ ಆಚೀಚೆ ಹೇಳುವವಳು ನಾನು. ಈಗ ಹೇಳು ಎಷ್ಟಿದಾಳೆ ಎಂದು ಸಿಸ್ಟರು ಕೇಳಿದರು. ನನಗೆ ಏನೂ ತಿಳಿಯಲಿಲ್ಲ. ಬೆಚ್ಚಗಿದ್ದಳು ಎಂಬುದೊಂದೇ ತಿಳಿದದ್ದು.

ಒಂದು ಕಾಲು ಗಂಟೆ ಕಳೆದಿರಬೇಕು, ಅವಳ ಬೆನ್ನು ಏಳುವುದು ನಿಂತಿತು. ಯಂತ್ರ ಕೂಗಿತು. ಅದೇ ಸದ್ದು ರೀ, ಐದು ವರ್ಷದ ಹಿಂದಿನ ಅದೇ ಸದ್ದು. ತಗೊಳ್ಳಿ, ತಗೊಳ್ಳಿ, ನನ್ನ ಕೈಯಿಂದ ತಗೊಳ್ಳಿ ಎಂದೆ. ಸಿಸ್ಟರು ಬಗ್ಗಿ ಅವಳ ಮುಖ ನೋಡಿದರು, ಅವಳನ್ನು ತೆಗೆದುಕೊಳ್ಳಲಿಲ್ಲ. ಇಷ್ಟು ಬೇಗ ಹುಟ್ಟಿದವು ಉಸಿರಾಡೋದು ಮರೀತಾವೆ, ನೆನಪು ಮಾಡ್ಬೇಕು, ಬೆನ್ನು ತಿಕ್ಕು ಎಂದರು. ನೀವೇ ಮಾಡಿ ಎಂದೆ. ನಿನ್ನ ಕೈ ಅಲ್ಲೇ ಇದೆ, ತಿಕ್ಕು ಎಂದರು. ನಾನು ಕಣ್ಣು ಮುಚ್ಚಲಿಲ್ಲ. ಇದೇ ಕೈ, ಇದೇ ಬೆರಳು. ಭಗವಂತಾ ಎಂದು ತಿಕ್ಕಿದೆ. ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಬೆನ್ನು ಎದ್ದಿತು. ಹಿಂದೆಯೇ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸಿಟ್ಟಿನ ಸದ್ದು ಮಾಡಿದಳು. ನಾನು ಅತ್ತದ್ದು ಮೂರನೇ ಮಹಡಿಗೆಲ್ಲ ಕೇಳಿಸಿತಂತೆ.

ಮಧ್ಯಾಹ್ನ ಎರಡೂವರೆ

ಇದನ್ನು ಅರ್ಧಕ್ಕೆ ಬಿಟ್ಟು ಹೋಗಿ ಅವಳನ್ನು ಎರಡು ಗಂಟೆ ಎತ್ತಿಕೊಂಡು ಕೂತು ಬಂದೆ. ಮತ್ತೊಮ್ಮೆ ಉಸಿರು ಮರೆತಳು, ಮತ್ತೆ ನೆನಪಿಸಿದೆ. ಭಯ ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ನಾಳೆ ಏನೋ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದರೆ ಇನ್ನು ಭಯ ಬೇಡ ಎಂದು ಯಾರಾದರೂ ಹೇಳುವವರೆಗೆ ಕಾಯುತ್ತ ಕೂತಿದ್ದರೆ ನಾನು ಗಾಜಿನ ಹೊರಗೇ ಮುದುಕಿಯಾಗುತ್ತಿದ್ದೆ. ಭಯವೂ ಪಕ್ಕದಲ್ಲಿ ಇರಲಿ, ದೇವರೂ ಇರಲಿ, ನಾನು ಕುರ್ಚಿಯಲ್ಲಿ ಕೂರುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಅತ್ತೆಗೆ ಇದನ್ನು ಹೇಳಿದರೆ, ನಾನೇನು ಭಯ ಇಲ್ದೆ ಕೂತಿದೀನಿ ಅಂದ್ಕೊಂಡಿದ್ಯಾ ಎಂದು ನಕ್ಕರು.

ಊಟ ಸರಿಯಾಗಿ ಮಾಡಿ. ಎಂಜಿನ್ನಿನ ಬಿಸಿಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ.

ನಿಮ್ಮ ಮಗಳ ತಾಯಿ,
ನೀವು ಅಡ್ಡಹೆಸರಿಟ್ಟು ಕರೆಯುವ
ತಕ್ಕಡಿ

ಬರೆಯಲೋ ಬೇಡವೋ ಎಂದು ಯೋಚಿಸಿ, ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ: ಕಂಪನಿ ನಿಮ್ಮನ್ನು ಹಿಡಿದಿಟ್ಟುಕೊಂಡಿಲ್ಲ, ಅದು ನನಗೆ ಗೊತ್ತಿದೆ. ನಾಲ್ಕು ತಿಂಗಳು ಹೆಚ್ಚಿಗೆ ಇರುತ್ತೇನೆಂದು ನೀವೇ ಬರೆದುಕೊಟ್ಟಿದ್ದೀರಿ. ನಿಮಗೆ ಗೊತ್ತೇ ಇರುತ್ತೆ ಅಂದುಕೊಂಡಿದ್ದೆ ಅಮ್ಮ ಎಂದು ಗುಮಾಸ್ತರು ನನಗೆ ಆ ಕಾಗದ ತೋರಿಸಿದರು, ಮಗು ಹುಟ್ಟುವುದಕ್ಕೆ ಒಂದು ತಿಂಗಳು ಮೊದಲೇ. ಆವಾಗಿನಿಂದ ನಿಮ್ಮನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ. ನಿನ್ನೆ ಆ ಕುರ್ಚಿಯಲ್ಲಿ ಕೂತ ಮೇಲೆ ಬೈಯಲು ಆಗುತ್ತಿಲ್ಲ, ನೀವೂ ನನ್ನ ಹಾಗೇ ಹೆದರಿ ದೂರ ನಿಂತಿರಬೇಕು. ಮೊದಲನೆಯವನು ಹೋದ ದಿನ ನಾನು ಹಾಸಿಗೆಯಿಂದ ಏಳಲಾರದೆ ಮಲಗಿದ್ದೆ, ಅವನನ್ನು ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಎತ್ತಿಕೊಂಡು ಹೋದವರು ನೀವೊಬ್ಬರೇ. ವಾಪಸು ಬಂದು ದೇವರ ಮೇಲೆ ಭಾರ ಹಾಕು ಎಂದಿರಿ. ನಿಮಗೆ ಹೇಗಾಯಿತು ಎಂದು ನಾನು ಐದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಉತ್ತರ ಬರೆಯಬೇಡಿ. ಈ ಕಾಗದ ಸಿಕ್ಕ ಬಂದರಿನಲ್ಲೇ ಇಳಿದುಬಿಡಿ, ಕೇಳಿದರೆ ಬಿಡುತ್ತಾರಂತೆ. ಸಿಸ್ಟರು ಇನ್ನೊಂದು ಕುರ್ಚಿ ಹಾಕಿಸುತ್ತೇನೆ ಎಂದಿದ್ದಾರೆ.