ನಸೀಮಾ ಅವತ್ತು ಹೇಳದೆ ಹೋದ ಮಾತು

ಪ್ರೀತಿಯ ಅಬ್ಬಾ,

ಶುಕ್ರವಾರದ ನಮಾಜು ಮುಗಿದ ಮೇಲೆ ನೀವು ಹುಣಸೂರಿನ ನಮ್ಮ ಮಸೀದಿಯ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದಿರಿ. ಜಗಳವಾಡಿದ ಗಂಡ ಹೆಂಡಿರು ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಹೋಗುವಾಗ ಹೆಚ್ಚಿನವರು ಒಂದಾಗಿ ಹೋಗುತ್ತಿದ್ದರು. ನನಗೆಷ್ಟು ಹೆಮ್ಮೆಯಿತ್ತು ಗೊತ್ತೇ? ಈಗ ಅದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಹಂಪಾಪುರದ ನಸೀಮಾ ನೆನಪಿದ್ದಾಳೆಯೇ? ಗೂಡ್ಸ್ ಆಟೋ ಓಡಿಸುವ ರಫೀಕನ ಹೆಂಡತಿ. ನೀವು ಕೊನೆಯದಾಗಿ ರಾಜಿ ಮಾಡಿ ಕಳಿಸಿದ ಜೋಡಿ. "ಸಬರ್ ಮಾಡು ಮಗಳೇ, ತಾಳ್ಮೆಯಿದ್ರೆ ಮನೆ ಉಳೀತದೆ" ಅಂದಿದ್ದಿರಿ. ಅವಳು ತಲೆಯಾಡಿಸಿದ್ದಳು. ನೀವು ತೀರಿಕೊಂಡು, ನಿಮ್ಮ ನಲವತ್ತನೆಯ ದಿನದ ಕಾರ್ಯ ಮುಗಿದ ವಾರವೇ ಅವಳು ನಮ್ಮ ಬಾಗಿಲಿಗೆ ಬಂದಳು. ಬಲಗೈಗೆ ಪ್ಲಾಸ್ಟರ್. ಹೊಡೆಯುತ್ತಾನೆಂದು ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎಂಗ್ ಏಳ್ಲಿ ಅಕ್ಕ? ನಮ್ಮನೆಯವ್ರು ಪಕ್ದಲ್ಲೇ ಕುಂತಿದ್ರಲ್ಲ."

ಅವಳನ್ನು ಒಬ್ಬಳನ್ನೇ ಕೂರಿಸಿ ಒಂದು ಮಾತು ಕೇಳಿದ್ದರೆ... ಯಾಕೆ ಕೇಳಲಿಲ್ಲ ಅಬ್ಬಾ? ಹೊಳೆಯಲಿಲ್ಲವೇ? ಅಥವಾ ಹೊಳೆದೂ...

ದೂರು ಕೊಡಲು ಅವಳ ಜೊತೆ ಠಾಣೆಗೆ ಹೋದೆ. ಮರುದಿನ ಜಮಾತಿನ ಹಿರಿಯರ ಮುಂದೆ ನಿಂತೆ. ಆಸ್ಪತ್ರೆಯಲ್ಲಿ ಇಷ್ಟು ವರ್ಷ ನರ್ಸ್ ಆಗಿದ್ದವಳೂ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹೆಂಗಸರ ಮಾತನ್ನು ಮೊದಲು ಬೇರೆಯಾಗಿ ಕೇಳಬೇಕು, ಅದಕ್ಕೆ ಅಬ್ಬಾನ ಕೋಣೆಯಲ್ಲಿ ನಾನು ಕೂರುತ್ತೇನೆ ಅಂದೆ.

"ನಿಮ್ಮಬ್ಬ ನಡೆಸ್ಕಂಡು ಬಂದಿದ್ದು ಕಣಮ್ಮ ಇದು. ಅದ್ರಲ್ಲಿ ತಪ್ಪಿತ್ತು ಅಂತೀಯಾ?" ಅಂದರು ಅಧ್ಯಕ್ಷರು.

"ಇತ್ತು" ಅಂದೆ. ಮನೆಗೆ ಬಂದು ಅತ್ತುಬಿಟ್ಟೆ. ಎರಡು ವಾರ ಬಿಟ್ಟು ಅವರು ಒಪ್ಪಿದರು.

ಮೊನ್ನೆ ರಫೀಕ ಇಮಾಮರ ಮುಂದೆ, "ಕೈ ಎತ್ತುದ್ದು ನಾನೇ" ಎಂದು ಒಪ್ಪಿಕೊಂಡ. ನಸೀಮಾ ತವರಲ್ಲೇ ಇದ್ದಾಳೆ. ವಾಪಸ್ಸು ಹೋಗು ಅಂತ ನಾನು ಹೇಳಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ? ನಾನು ಮಾಡಿದ್ದು ಸರಿಯೇ ಎಂದು ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ.

ಕಳೆದ ಶುಕ್ರವಾರ ಎಲ್ಲರೂ ಎದ್ದು ಹೋದ ಮೇಲೆ ನಾನಿದ್ದ ಆ ಕೋಣೆಗೆ ಅಮ್ಮಿ ಬಂದಳು. ನನ್ನನ್ನು ಮನೆಗೆ ಕರೆಯಲು ಬಂದಳೇನೋ ಅಂದುಕೊಂಡೆ. ಅವಳು ಬಾಗಿಲು ಮುಂದೆ ಮಾಡಿ, ಎದುರಿನ ಕುರ್ಚಿಯಲ್ಲಿ ಕೂತಳು.

"ಊರೋರ್ದೆಲ್ಲ ನಿಮ್ಮಬ್ಬ ಕೇಳುದ್ರು. ನಂದೂ ಒಸಿ ಕೇಳ್ತೀಯಾ?"

ಸಂಜೆಯ ಅಜಾನ್ ಆಗುವವರೆಗೂ ಹೇಳಿದಳು. ಇನ್ನೂ ಮುಗಿದಿಲ್ಲ. ಈ ಶುಕ್ರವಾರವೂ ಬರುತ್ತಾಳೆ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ ಅಬ್ಬಾ. ಆದರೆ ಅವಳು ಮಾತಾಡುವಾಗ ನಿಮ್ಮ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ನಿಮ್ಮ ಮಗಳು,
ಜರೀನಾ