ಗಿತಾನಾಳ ಗೆಜ್ಜೆ

ಟೊರೆಹೋನ್, ಸ್ಪೇನ್
ಜೂನ್ ೧೪, ೧೯೯೨

ನನ್ನ ಮುದ್ದಿನ ಅಂಪಾರೊ,

ನಿನಗೂ ವೆಂಡೆಲ್‌ಗೂ ಅಮ್ಮನ ನೆನಪುಗಳು. ಕಾಗದ ತಡವಾಯಿತು. ಬೈಯಬೇಕೆನಿಸಿದರೆ ಬೈಯಿ, ಆದರೆ ಪೂರ್ತಿ ಓದಿದ ಮೇಲೆ. ಮೊದಲು ಸಿಟ್ಟಿತ್ತು, ಆಮೇಲೆ ನಾಚಿಕೆಯಾಯಿತು, ಎರಡರಲ್ಲೂ ಪೆನ್ನು ಓಡಲಿಲ್ಲ.

ನಿನ್ನ ಮೈ ಹೇಗಿದೆ? ಎದ್ದಾಗ ಕಣ್ಣು ಕತ್ತಲೆ ಬರುವುದು ನಿಂತಿತೇ? ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆಯೆಲ್ಲ ವೆಂಡೆಲ್‌ನದೇ ಎಂದು ನೀನು ಹೇಳಿದ್ದೆ. ಅವನು ವಿಮಾನದ ಎಂಜಿನ್ ಎಷ್ಟು ಚೆನ್ನಾಗಿ ಬಿಚ್ಚಿ ಜೋಡಿಸುತ್ತಾನೋ ಅಷ್ಟೇ ಕೆಟ್ಟದಾಗಿ ಮೊಟ್ಟೆ ಕರಿಯುತ್ತಾನೆ, ನನಗೆ ಗೊತ್ತಿಲ್ಲವೇ. ಏನಾದರೂ ಬಿಸಿಯಾಗಿ ತಿನ್ನು, ಸಾಕು.

ಊರಿನ ಸುದ್ದಿ ಹೇಳುತ್ತೇನೆ. ಅಮೆರಿಕನ್ನರ ಕೊನೆಯ ವಿಮಾನಗಳೂ ಹೋದ ಮೇಲೆ ಊರಿಗೆ ಊರೇ ನಿದ್ದೆಯಲ್ಲಿ ಓಡಾಡುವಂತಿದೆ. ನಿಮ್ಮನ್ನು ಮೊದಲು ಕ್ರೊತೋನೆಗೆ ಕಳಿಸುತ್ತಾರೆ ಅಂದರು, ಆಮೇಲೆ ಅವಿಯಾನೋ ಅಂದರು. ನಾವು ಇಟಲಿಯ ನಕಾಶೆಯ ಮೇಲೆ ಬೆರಳಿಡುವಷ್ಟರಲ್ಲಿ ನೀನು ಪೆಟ್ಟಿಗೆ ಕಟ್ಟಿಯಾಗಿತ್ತು. ಆ ವಿಮಾನಗಳು ಸಾಲಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮುಳ್ಳುಗಿಡಗಳು ನೇರಳೆ ಹೂ ಬಿಟ್ಟಿವೆ. ಬಿಸಿಲೇರಿದಾಗ ಹೂಗಳೆಲ್ಲ ನೆಲ ಬಿಟ್ಟು ಒಂದು ಗೇಣು ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ಅವುಗಳ ಮೇಲೆ ಎಲ್ಲೋ ಕಣ್ಣಿಗೆ ಸಿಗದಷ್ಟು ಎತ್ತರದಲ್ಲಿ ನೆಲಗುಬ್ಬಿ ಹಾಡುತ್ತಿರುತ್ತದೆ. ಇಷ್ಟು ವರ್ಷವೂ ಹಾಡುತ್ತಿತ್ತೋ ಏನೋ, ಯಾರಿಗೆ ಕೇಳಿಸಿತ್ತು ಹೇಳು.

ನಮ್ಮ ಬಾಯಿಗಳು ಮಾತ್ರ ಇನ್ನೂ ಹಳೆಯ ವೇಳೆಯನ್ನು ಬಿಟ್ಟಿಲ್ಲ. ಬೆಳಿಗ್ಗೆ ವಿಮಾನಗಳು ಏಳುತ್ತಿದ್ದ ಹೊತ್ತಿಗೆ ಬೇಕರಿಯಲ್ಲಿ ಎಲ್ಲರೂ ಮಾತಿನ ನಡುವೆ ಗಕ್ಕನೆ ನಿಲ್ಲುತ್ತೇವೆ. ಚರ್ಚಿನಲ್ಲಿ ಪಾದ್ರಿಯವರೂ ಅಷ್ಟೇ, ಎತ್ತಿದ ಕೈ ಎತ್ತಿದಂತೆಯೇ ಕಾಯುತ್ತಾರೆ. ಏನೂ ಬರುವುದಿಲ್ಲ. ಕೊಕ್ಕರೆಯೊಂದು ಗೋಪುರದ ಮೇಲೆ ಕೊಕ್ಕು ಕುಟ್ಟುತ್ತದೆ, ಅಷ್ಟೇ. ಆಮೇಲೆ ಬಿಟ್ಟ ಪದದಿಂದಲೇ ಮಾತು ಮುಂದೆ ಹೋಗುತ್ತದೆ. ನೀನು ಚಿಕ್ಕವಳಿದ್ದಾಗ ಮ್ಯಾಡ್ರಿಡ್‌ನ ಅತ್ತೆ ಮನೆಯಲ್ಲಿ ಹೀಗೇ ಮಾತು ನಿಲ್ಲಿಸಿ ಸುಮ್ಮನೆ ಕೂತಿದ್ದೆ. ಮಗುವಿಗೆ ಏನೋ ಬಡಿದಿದೆ ಎಂದು ಅವಳು ಹೆದರಿ ನೀರು ಚಿಮುಕಿಸಿದ್ದಳು. ಅವಳಿಗೇನು ಗೊತ್ತು. ನಮ್ಮೂರಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವವರು, ಸದ್ದು ಹೆಚ್ಚಾದರೆ ಒಬ್ಬರ ತುಟಿ ಒಬ್ಬರು ನೋಡಿ ಮಾತು ತಿಳಿದುಕೊಳ್ಳುವವರು.

ಇದನ್ನೆಲ್ಲ ಸುಮ್ಮನೆ ಬರೆಯುತ್ತಿಲ್ಲ. ನಿಮ್ಮಪ್ಪನ ವಿಷಯಕ್ಕೆ ಬರಬೇಕು, ಸುತ್ತಿ ಬಳಸಿ ಬರುತ್ತಿದ್ದೇನೆ.

ಆ ಭಾನುವಾರ ನಾನು ಮನೆಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ ಎಂದು ನೀನು ಫೋನಿನಲ್ಲಿ ಅಪ್ಪನ ಹತ್ತಿರ ಅತ್ತಿದ್ದೆ. ಅದಕ್ಕೆ ಅವರು ಏನಂದರು ಎಂಬುದನ್ನು ಮರುದಿನ ನೀನೇ, ನಾನಿರುವ ಹೊತ್ತು ನೋಡಿ ಬೇಕರಿಗೆ ಫೋನ್ ಮಾಡಿ, ನನಗೆ ಹೇಳಿದೆ: "ಒಳ್ಳೇದಾಯ್ತು ಮಗಳೇ, ತುಂಬಾ ಒಳ್ಳೇದಾಯ್ತು." ಇನ್ನು ಆ ಮನೆಗೆ ಫೋನ್ ಮಾಡುವುದಿಲ್ಲ ಎಂದೆ. ಮಾಡಬೇಡ ಎಂದು ನಾನೇ ಹೇಳಿದೆ. ಅಮೆರಿಕನ್ನನನ್ನು ಮದುವೆಯಾದದ್ದು ಅವರಿಗೆ ಹಿಡಿಸಿರಲಿಲ್ಲ ನಿಜ, ಅದಕ್ಕೆ ಇಷ್ಟು ಕಲ್ಲಾಗುವುದೇ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಅಂದಿನಿಂದ ನಾನೂ ಅವರೊಡನೆ ಮಾತು ಬಿಟ್ಟೆ. ತಟ್ಟೆ ಕುಕ್ಕಿದೆ, ಬಾಗಿಲು ಬಡಿದೆ. ಅವರು ಮಾತ್ರ ಶಾಂತವಾಗಿ ಉಂಡು ಎದ್ದು ಹೋಗುತ್ತಿದ್ದರು. ನಾನು ಮಾತು ಬಿಟ್ಟಿದ್ದೇನೆಂಬುದೇ ಅವರ ಗಮನಕ್ಕೆ ಬರಲಿಲ್ಲ! ಅದಕ್ಕೂ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಬಂದರೆ ಊಟವಾದ ಮೇಲೆ ಫೋನಿನ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು, ಯಾವಾಗಲೂ ಕೂರುವ ಹಾಗೆ. ಕಾಯಲಿ ಬಿಡು, ಎಂದುಕೊಂಡೆ.

ರನ್‌ವೇ ಮೇಲಿನ ಹಕ್ಕಿಗಳನ್ನು ಚೆದುರಿಸುವುದಕ್ಕೆ ಗಿಡುಗ ಹಾರಿಸುವ ಅವರ ಕೆಲಸ ಇನ್ನೂ ಇದೆ. ನಮ್ಮ ದೇಶದ ವಿಮಾನಗಳು ಒಂದೋ ಎರಡೋ ಏಳುತ್ತವಲ್ಲ. ಹೋದ ಬುಧವಾರ ಅವರ ಮುದ್ದಿನ ಹೆಣ್ಣು ಗಿಡುಗ ಗಿತಾನಾ ಹಾರಿ ಹೋದವಳು ಹಿಂದಿರುಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಸಿಟ್ಟನ್ನು ನುಂಗಿಕೊಂಡು ಹುಡುಕಲು ನಾನೂ ಹೋದೆ. ಎನಾರೆಸ್ ನದಿಯ ದಡದ ಪಾಪ್ಲರ್ ಮರಗಳು ನಿನಗೆ ನೆನಪಿವೆಯಲ್ಲ, ಅವುಗಳ ಅರಳೆ ಉದುರಿ ಗಾಳಿಯಲ್ಲೆಲ್ಲ ತೇಲುತ್ತಿತ್ತು. ನೆಲ ಬೆಳ್ಳಗೆ, ನೀರು ಬೆಳ್ಳಗೆ. ಆ ಬೆಳ್ಳನೆಯ ಮೌನದಲ್ಲಿ ನನಗೆ ಅವಳ ಕಾಲಿನ ಗೆಜ್ಜೆ ಕೇಳಿಸಿತು. ಹತ್ತಿರದ ಹುಲ್ಲಿನಲ್ಲೇ, ಗಿತಾನಾ ಕಾಲು ಕದಲಿಸಿದಾಗಲೆಲ್ಲ ಸ್ಪಷ್ಟವಾಗಿ. ನಿಮ್ಮಪ್ಪ ಆ ಹುಲ್ಲನ್ನು ಸವರಿಕೊಂಡೇ ದಾಟಿ ಮುಂದೆ ಹೋದರು, ಆಕಾಶ ನೋಡುತ್ತ, ಕೂಗುತ್ತ.

ನಾನು ಹಿಂದಿನಿಂದ, "ಸೆವೆರೀನೊ, ಇಲ್ಲೇ ಇದೆ" ಅಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಅವರು ನಡೆಯುತ್ತಲೇ ಇದ್ದರು, ತಲೆಯ ಮೇಲೆಲ್ಲ ಅರಳೆ. ಫೋನಿನ ಮೇಲೆ ಅಂಗೈ ಯಾಕೆ ಇಡುತ್ತಾರೆಂದು ಅಲ್ಲಿ ನಿಂತಲ್ಲೇ ಹೊಳೆಯಿತು, ಅಂಪಾರೊ. ಅದು ರಿಂಗಾಗುವುದು ಅವರ ಕೈಗೆ ಮಾತ್ರ ತಿಳಿಯುತ್ತಿತ್ತು.

ಓಡಿ ಹೋಗಿ ಎದುರಿಗೆ ನಿಂತು, ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಅವರು ನನ್ನ ತುಟಿಗಳನ್ನೇ ನೋಡಿದರು. ಆಮೇಲೆ ಹೇಳಿದರು: "ವಿಮಾನ ಇರೋವಾಗ ಯಾರಿಗೂ ಏನೂ ಕೇಳಿಸ್ತಿರಲಿಲ್ಲ ಕಸಿಲ್ದಾ. ನಾನೂ ಎಲ್ಲರ ಹಾಗೇ ಇದ್ದೆ. ಅವು ಹೋದ್ವು, ನಾನೊಬ್ಬನೇ ಆ ಸದ್ದಿನೊಳಗೆ ಉಳ್ಕೊಂಡೆ."

ಗೊತ್ತಾದರೆ ಗಿಡುಗಗಳನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಯಾರಿಗೂ ಹೇಳಿರಲಿಲ್ಲವಂತೆ. ನಿನ್ನ ಫೋನಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ಏನೋ ಒಂದು ಗುಂಯ್ ಎನ್ನುವ ಸದ್ದು. ಅದು ಮಗಳದು ಎಂಬುದಷ್ಟೇ ಸಾಕಾಗಿತ್ತು. ಅದು ನಿಂತಾಗಲೆಲ್ಲ, ಹೌದು ಮಗಳೇ, ಒಳ್ಳೇದಾಯ್ತು ಮಗಳೇ ಅನ್ನುತ್ತಿದ್ದರಂತೆ. ಅಪ್ಪನ ಹತ್ತಿರ ಇರುವುದು ಎರಡೇ ಮಾತು ಎಂದು ನೀನು ಮದುವೆಗೆ ಮುಂಚೆಯೂ ಆಡಿಕೊಳ್ಳುತ್ತಿದ್ದೆ, ನಾನೂ ನಗುತ್ತಿದ್ದೆ.

ಗಿತಾನಾ ಸಿಕ್ಕಳು, ಚೆನ್ನಾಗಿದ್ದಾಳೆ. ಎಂದಿನಂತೆ ಕೊಬ್ಬು. ನಿಮ್ಮಪ್ಪನ ಮೇಲಿನ ನನ್ನ ಸಿಟ್ಟು ಆ ನದಿಯ ದಡದಲ್ಲೇ ಉಳಿಯಿತು, ನಿನ್ನದೂ ಇಳಿಯಲಿ. ದೇವಮಾತೆ ನಿನ್ನ ಒಡಲನ್ನೂ ಮನಸ್ಸನ್ನೂ ತಣ್ಣಗಿಡಲಿ. ವೆಂಡೆಲ್‌ನ ಹಣೆಗೊಂದು ಮುತ್ತು.

ನಿನ್ನ ಅಮ್ಮ,
ಕಸಿಲ್ದಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೆಳಗೆ ಉಳಿಸಿಕೊಂಡದ್ದು. ಲಕೋಟೆಯಲ್ಲಿ ಒಂದು ಗೆಜ್ಜೆ ಇದೆ, ನೋಡು. ನಾನು ಈ ಕಾಗದ ಬರೆಯುತ್ತಿರುವುದನ್ನು ಕಂಡು ನಿಮ್ಮಪ್ಪ ಗಿತಾನಾಳ ಒಂದು ಕಾಲಿನಿಂದ ಬಿಚ್ಚಿ ತಂದುಕೊಟ್ಟರು. "ತೊಟ್ಟಿಲಿಗೆ ಕಟ್ಟು ಅಂತ ಹೇಳು. ನನಗೆ ಕೇಳಿಸದ್ದು ಮೊಮ್ಮಗುವಿಗಾದ್ರೂ ಕೇಳಿಸಲಿ" ಅಂದರು. ನನ್ನ ತುಟಿ ಅಲುಗಲಿಲ್ಲ, ಅಂಪಾರೊ. ಅವರು ಇನ್ನೂ ಅಜ್ಜನಾಗುವ ಸಂತೋಷದಲ್ಲಿದ್ದಾರೆ. ಆವತ್ತು ತುಂಬಾ ಒಳ್ಳೇದಾಯ್ತು ಅಂದದ್ದೂ ಆ ಸಂತೋಷಕ್ಕೇ. ಮೈ ಸುಧಾರಿಸಿದ ಮೇಲೆ ಗೆಜ್ಜೆ ಹಿಡಿದು ನೀನೇ ಬಾ. ಎದುರಿಗೆ ಕೂತು ನಿಧಾನವಾಗಿ ಹೇಳು. ನಿನ್ನ ತುಟಿ ಅವರಿಗೆ ನೀನು ಮೊದಲ ಮಾತಾಡಿದಾಗಿನಿಂದ ಗೊತ್ತು.